ಮೇಲಿನ ಮನೆ ಬಾಡಿಗೆಗೆ ಇದೆ

ನಮ್ಮ ಮನೆ ಮೇಲೆ ಇನ್ನೊಂದು ಮನೆ ಕಟ್ಟಿಸಿ ಮೊದಲ ಸಲ ಬಾಡಿಗೆಗೆ ಕೊಟ್ಟಾಗ ಅಡ್ವಾನ್ಸ್ ಅಂತ ಒಂದೂವರೆ ಲಕ್ಷ ಕೈಗೆ ಬಂತು. ಗ್ರಿಲ್ ಮಾಡಿದವನ ಬಾಕಿ ತೀರಿಸಿದೆ. ದೊಡ್ಡ ಟ್ಯಾಂಕ್ ಇಡಿಸಿದೆ. ಉಳಿದದ್ದು ಯಾವಾಗ ಕರಗಿತೋ ಗೊತ್ತಾಗಲಿಲ್ಲ. ಹದಿನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಮೇಲಿನವರು ಇಳಿದು ಬಂದು, "ಸಾರ್, ಪುಣೆಗೆ ಟ್ರಾನ್ಸ್‌ಫರ್ ಆಯ್ತು. ಮುಂದಿನ ತಿಂಗಳು ಖಾಲಿ ಮಾಡ್ತೀವಿ" ಅಂದರು. "ಒಳ್ಳೇದಾಯ್ತು ಬಿಡಿ" ಅಂದೆ. ಹೊಟ್ಟೆಯೊಳಗೆ ತಳಮಳ. ಕೊನೆಗೆ ನಷ್ಟಕ್ಕೆ ಕೂಗಿ ಚೀಟಿ ಎತ್ತಿ ಅವರ ದುಡ್ಡು ಕೊಟ್ಟೆ, ಅದೂ ಹನ್ನೆರಡು ದಿನ ತಡವಾಗಿ. ಅವರು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಬಾಡಿಗೆ ಮನೆ ಅಂದರೆ ಕೂತಲ್ಲಿಗೇ ಬರುವ ದುಡ್ಡು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. 30×40 ಸೈಟು, ಕೆಳಗೆ ನಾವು, ಮೇಲೆ ಎರಡು ಪೋರ್ಷನ್ನು, ರಿಟೈರ್ ಆದ ಮೇಲೆ ಅದೇ ಪೆನ್ಷನ್ನು. ಲೆಕ್ಕವೇನೋ ಸರಿಯೇ. ಆದರೆ ಅದರಲ್ಲಿ ಎರಡು ವಿಷಯ ಬಿಟ್ಟುಹೋಗಿರುತ್ತವೆ. ಅಡ್ವಾನ್ಸ್ ನಮ್ಮ ದುಡ್ಡಲ್ಲ, ಬಡ್ಡಿಯಿಲ್ಲದ ಸಾಲ. ಇನ್ನೊಂದು, ಕೀಲಿ ಕೊಟ್ಟ ಮೇಲೆ ಗೋಡೆ ನಮ್ಮದಿರಬಹುದು, ಬಾಗಿಲು ಅವರದು. ನಾನು ಕಂಡ ಓನರ್-ಬಾಡಿಗೆದಾರರ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲಿ ಒಂದನ್ನು ಮರೆತದ್ದರಿಂದಲೇ ಶುರುವಾದವು.

ಕಾನೂನಿನಿಂದ ಶುರು ಮಾಡೋಣ, ಏಕೆಂದರೆ ಅಲ್ಲಿ ಒಂದು ತಮಾಷೆ ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಹೆಸರು ಕೇಳಿದರೆ ನಮ್ಮ ಎಲ್ಲ ಪ್ರಶ್ನೆಗೂ ಅದರಲ್ಲೇ ಉತ್ತರ ಇರಬೇಕು ಅನ್ನಿಸುತ್ತದೆ. ಆದರೆ ಬಾಡಿಗೆ ತಿಂಗಳಿಗೆ ಬೆಂಗಳೂರಿನಂಥ ಕಡೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಆ ಮನೆಗೆ ಈ ಕಾಯ್ದೆ ಅನ್ವಯವೇ ಆಗುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಈಗಿನ ಬಾಡಿಗೆ ಮನೆಗಳಲ್ಲಿ ಹೆಚ್ಚಿನವು ನಡೆಯುತ್ತಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮೇಲೆ. ಬ್ರಿಟಿಷರ ಕಾಲದ ಈ ಕಾಯ್ದೆ ತಾನಾಗಿ ಹೇಳುವುದು ಕಡಿಮೆ. ಬಹಳಷ್ಟನ್ನು "ನೀವಿಬ್ಬರು ಏನು ಒಪ್ಪಿಕೊಂಡಿದ್ದೀರೋ ಅದೇ" ಅಂತ ಬಿಟ್ಟುಬಿಡುತ್ತದೆ. ಅಂದರೆ ನಿಮ್ಮ ಮನೆಗೆ ನಿಜವಾದ ಕಾನೂನು ನಿಮ್ಮ ಅಗ್ರಿಮೆಂಟೇ. ಅದನ್ನು ನಾವು ಎಲ್ಲಿ ಮಾಡಿಸುತ್ತೇವೆ? ಜೆರಾಕ್ಸ್ ಅಂಗಡಿಯಲ್ಲಿ. ಅವನ ಕಂಪ್ಯೂಟರಿನಲ್ಲಿ ಹಿಂದಿನ ಗಿರಾಕಿಯ ಫೈಲ್ ತೆಗೆದು ಹೆಸರು ಬದಲಿಸಿ. ಒಮ್ಮೆ ನನ್ನ ಅಗ್ರಿಮೆಂಟಿನಲ್ಲಿ "ಅಂಗಡಿ ಮಳಿಗೆ" ಅಂತಲೇ ಉಳಿದುಹೋಗಿತ್ತು. ಎರಡು ವರ್ಷ ಯಾರೂ ಓದಿರಲಿಲ್ಲ, ನಾನೂ ಸೇರಿ.

ಎಲ್ಲರೂ 11 ತಿಂಗಳಿಗೇ ಯಾಕೆ ಬರೆಸುತ್ತಾರೆ? ಇದರಲ್ಲಿ ಮಂತ್ರವೇನೂ ಇಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರು ಕಡ್ಡಾಯವಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಆಗದಿದ್ದರೆ ಕೋರ್ಟಿನಲ್ಲಿ ಅದರ ಷರತ್ತುಗಳನ್ನು ಮುಂದಿಟ್ಟು ವಾದಿಸುವುದು ಕಷ್ಟ. ಆ ಓಡಾಟ, ಆ ಖರ್ಚು ತಪ್ಪಿಸಲು 11 ತಿಂಗಳು, ಅಷ್ಟೇ. ಸ್ಟಾಂಪ್ ಶುಲ್ಕ ಮಾತ್ರ 11 ತಿಂಗಳದ್ದಕ್ಕೂ ಕಟ್ಟಬೇಕು. ಅವಧಿ ಮುಗಿದ ಮೇಲೂ ಅವರು ಇದ್ದರೆ, ನೀವು ಬಾಡಿಗೆ ತೆಗೆದುಕೊಳ್ಳುತ್ತಲೇ ಇದ್ದರೆ, ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. ಆಗ ಬಿಡಿಸಬೇಕಾದರೆ ಆ 1882ರ ಕಾಯ್ದೆಯ ಸೆಕ್ಷನ್ 106ರ ಪ್ರಕಾರ 15 ದಿನದ ಲಿಖಿತ ನೋಟಿಸ್. ಅಗ್ರಿಮೆಂಟಿನಲ್ಲಿ ಒಂದು ತಿಂಗಳು, ಎರಡು ತಿಂಗಳು ಅಂತ ಬರೆದಿದ್ದರೆ ಅದು.

ಇದರ ಜೊತೆಗೇ ಓಡಾಡುವ ಒಂದು ಭಯ ಇದೆ. "11 ತಿಂಗಳಿಗೆ ಹೊಸದು ಮಾಡಿಸದಿದ್ರೆ ಮನೆ ಅವರದೇ ಆಗಿಬಿಡುತ್ತಂತೆ", "12 ವರ್ಷ ಇದ್ರೆ ಹಕ್ಕು ಬರುತ್ತಂತೆ." ನಮ್ಮ ಬೀದಿಯಲ್ಲಿ ಒಬ್ಬರು ಇದೇ ಭಯಕ್ಕೆ ಒಳ್ಳೆಯ ಬಾಡಿಗೆದಾರರನ್ನು ಮೂರು ವರ್ಷಕ್ಕೊಮ್ಮೆ ಓಡಿಸುತ್ತಾರೆ. 12 ವರ್ಷದ ಮಾತು ಬಂದಿರುವುದು ಬೇರೆ ಕಡೆಯಿಂದ. ಒಪ್ಪಿಗೆ ಇಲ್ಲದೆ, ಮಾಲೀಕನ ಹಕ್ಕನ್ನೇ ಧಿಕ್ಕರಿಸಿ, ಎಲ್ಲರೆದುರಿಗೆ ಜಾಗ ಹಿಡಿದುಕೊಂಡವರ ವಿಷಯ ಅದು. ಬಾಡಿಗೆದಾರ ಇರುವುದು ನಿಮ್ಮ ಒಪ್ಪಿಗೆಯಿಂದ. ಬಾಡಿಗೆದಾರನಾಗಿ ಇದ್ದುಕೊಂಡು "ಈ ಮನೆ ಇವರದ್ದೇ ಅಲ್ಲ" ಎನ್ನಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಆ ಸಂಬಂಧಕ್ಕೆ ಪುರಾವೆ ಇರಬೇಕು, ಅಷ್ಟೇ. ಬಾಡಿಗೆಯನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕ ಪಡೆದರೆ ಪ್ರತಿ ತಿಂಗಳೂ ಒಂದು ಸಾಕ್ಷಿ ತಾನಾಗಿಯೇ ಹುಟ್ಟುತ್ತದೆ. ನಗದಾದರೆ ರಸೀದಿ ಕೊಡಿ, ಪ್ರತಿ ಇಟ್ಟುಕೊಳ್ಳಿ.

ಈಗ ಅಡ್ವಾನ್ಸ್. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ದೇಶಕ್ಕೆಲ್ಲ ಗೊತ್ತು. ಬೇರೆ ಊರಿನಿಂದ ಕೆಲಸಕ್ಕೆ ಬಂದವರು ಮೊದಲು ಬೆಚ್ಚಿಬೀಳುವುದೇ ಇದಕ್ಕೆ. ಈಗೀಗ ಐದಾರು ತಿಂಗಳಿಗೆ ಒಪ್ಪುವ ಓನರ್‌ಗಳೂ ಇದ್ದಾರೆ. ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೂಡದು ಎಂದಿದೆ. ಆದರೆ ಅದು ಮಾದರಿ. ರಾಜ್ಯ ತನ್ನದೇ ಕಾನೂನಾಗಿ ತರುವ ತನಕ ಇಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ.

ಎಷ್ಟು ತೆಗೆದುಕೊಂಡರೂ ಅದನ್ನು ಮುಟ್ಟಬಾರದು ಅನ್ನುವುದು ನಾನು ಚೀಟಿ ಎತ್ತಿ ಕಲಿತದ್ದು. ಈಗ ಬಂದ ದಿನವೇ ಎಫ್‌ಡಿ ಮಾಡುತ್ತೇನೆ. ಬಡ್ಡಿ ನನ್ನದು, ಅಸಲು ಅವರದು. ಮನೆ ಮಾರಿದರೂ, ಓನರ್ ತೀರಿಕೊಂಡರೂ ಆ ಸಾಲ ಮಾಯವಾಗುವುದಿಲ್ಲ. ತಂದೆಯ ಮನೆ ಹಂಚಿಕೊಂಡ ಅಣ್ಣತಮ್ಮಂದಿರು "ಅಡ್ವಾನ್ಸ್ ಅಪ್ಪ ತಗೊಂಡಿದ್ದು, ಅಪ್ಪನ್ನೇ ಕೇಳಿ" ಅಂದರೆ ನಡೆಯುವುದಿಲ್ಲ.

ಖಾಲಿ ಮಾಡುವ ದಿನ ಕಿತ್ತಾಟ ಆಗುವುದು ಸುಣ್ಣಬಣ್ಣದ ಮೇಲೆ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಅಂತ ಮುರಿದುಕೊಳ್ಳುವುದು ನಮ್ಮಲ್ಲಿ ರೂಢಿ. ಅದು ಕಾನೂನಲ್ಲ, ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಮಾತ್ರ ಬಲ. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ವಾಸದಿಂದ ಸಹಜವಾಗಿ ಆಗುವ ಸವೆತ ಲೆಕ್ಕಕ್ಕಿಲ್ಲ ಎನ್ನುತ್ತದೆ 1882ರ ಕಾಯ್ದೆಯ ಸೆಕ್ಷನ್ 108. ಒಗ್ಗರಣೆ ಹೊಗೆಗೆ ಅಡುಗೆಮನೆ ಗೋಡೆ ಮಂಕಾದರೆ ಅದು ಸವೆತ. ಬಾತ್‌ರೂಮಿನ ಬಾಗಿಲು ಒದ್ದು ಮುರಿದಿದ್ದರೆ ಅಲ್ಲ. ವಾದವೇ ಬೇಡ ಅಂದರೆ, ಕೀಲಿ ಕೊಡುವ ದಿನ ಅವರನ್ನು ಜೊತೆಗಿಟ್ಟುಕೊಂಡು ಪ್ರತಿ ಕೋಣೆಯ ವಿಡಿಯೊ ಮಾಡಿ, ಇಬ್ಬರ ವಾಟ್ಸಾಪ್‌ಗೂ ಹಾಕಿ. ಎಷ್ಟು ಫ್ಯಾನು, ಎಷ್ಟು ಬಲ್ಬು, ಸಿಂಕ್ ಕೆಳಗಿನ ಪ್ಲೈವುಡ್ ಊದಿಕೊಂಡಿದೆಯೋ ಇಲ್ಲವೋ, ಎಲ್ಲ ಅದರಲ್ಲಿ ಬರಲಿ.

ರಿಪೇರಿ ಯಾರದು ಅನ್ನುವುದಕ್ಕೆ 1882ರ ಕಾಯ್ದೆ ನೇರ ಉತ್ತರ ಕೊಡುವುದಿಲ್ಲ. ಓನರ್ ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದೆ ಹೋದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ, ಅದೂ ಬಡ್ಡಿ ಸಮೇತ. ಆದರೆ ಯಾವುದು ಓನರ್ ಮಾಡಬೇಕಾದ ರಿಪೇರಿ? ಇಲ್ಲಿ ಆ ಮಾದರಿ ಕಾಯ್ದೆಯ ಪಟ್ಟಿಯನ್ನು ಕದಿಯಬಹುದು. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪು, ವೈರಿಂಗ್ ಓನರ್‌ದು. ನಲ್ಲಿಯ ವಾಷರ್, ಮೋರಿ ಕಟ್ಟಿಕೊಂಡರೆ ಬಿಡಿಸುವುದು, ಸ್ವಿಚ್ಚು, ಬಾಗಿಲ ಹಿಡಿ, ಕಿಟಕಿ ಗಾಜು ಬಾಡಿಗೆದಾರರದು. ಇದನ್ನೇ ನಾಲ್ಕು ಸಾಲಿನಲ್ಲಿ ಅಗ್ರಿಮೆಂಟಿಗೆ ಸೇರಿಸಿದ ಮೇಲೆ ನನಗೆ ಭಾನುವಾರ ಬೆಳಿಗ್ಗೆ ನಲ್ಲಿ ಸೋರುವ ಫೋನ್ ಬರುವುದು ನಿಂತಿದೆ. ಗೋಡೆ ಒಸರುವ ಫೋನ್ ಬರುತ್ತದೆ. ಬರಲೇಬೇಕು. ಒಸರನ್ನು ಒಂದು ಮಳೆಗಾಲ ಮುಂದೂಡಿದೆ ಅಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಆಮೇಲೆ ಸೀಲಿಂಗಿನ ಪ್ಲಾಸ್ಟರ್ ಉದುರುತ್ತದೆ. ಆ ಫೋನ್ ನಮ್ಮ ಒಳ್ಳೆಯದಕ್ಕೇ.

ಇದೆಲ್ಲ ದುಡ್ಡಿನ ವಿಷಯ. ಜೀವದ ವಿಷಯ ಬೇರೆ ಇದೆ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಾಡಿಗೆಗೆಂದೇ ಕಟ್ಟಿದ ಎಷ್ಟೋ ಮನೆಗಳಲ್ಲಿ ಬಾತ್‌ರೂಮ್ ನಾಲ್ಕಡಿಗೆ ಆರಡಿ. ಕಿಟಕಿ ಅಂದರೆ ಮೇಲೆ ಒಂದು ಸಣ್ಣ ಗಾಜಿನ ಪಟ್ಟಿ, ಅದನ್ನೂ ಚಳಿಗೆ ಮುಚ್ಚಿರುತ್ತಾರೆ. ಅದರೊಳಗೆ ಗ್ಯಾಸ್ ಗೀಸರ್. ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಅಲ್ಲೇ ಕುಸಿಯುತ್ತಾರೆ, ಚಿಲಕ ಒಳಗಿನಿಂದ ಹಾಕಿರುತ್ತದೆ. ಇಂಥ ಸಾವಿನ ಸುದ್ದಿಯನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಗ್ಯಾಸ್ ಗೀಸರ್ ಇಡಲೇಬೇಕಾದರೆ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿ ಇರಲಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. "ಅದು ಬಾಡಿಗೆದಾರ ತಂದು ಹಾಕಿದ್ದು, ನನಗೇನು?" ಅನ್ನಬಹುದು. ಗೋಡೆಗೆ ತೂತು ಕೊರೆಯಲು ಪರ್ಮಿಷನ್ ಕೇಳಿದಾಗ ಕೊಟ್ಟವರು ನಾವೇ ಅಲ್ವಾ?

ಕರೆಂಟೂ ಹಾಗೇ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ ಒಂದು ಸೇಫ್ಟಿ ಸ್ವಿಚ್ ಇದ್ದರೆ, ಕರೆಂಟ್ ಸೋರಿ ಯಾರಿಗಾದರೂ ತಗುಲಿದಾಗ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಟ್ ಆಗುತ್ತದೆ. ಮಾಮೂಲಿ ಎಂಸಿಬಿ ಈ ಕೆಲಸ ಮಾಡುವುದಿಲ್ಲ, ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಆರ್‌ಸಿಸಿಬಿಗೆ ಆಗುವ ಖರ್ಚು ಒಂದು ತಿಂಗಳ ಬಾಡಿಗೆಯ ಮುಂದೆ ಏನೂ ಅಲ್ಲ. ಜೊತೆಗೆ ಅರ್ತಿಂಗ್ ಸರಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಗೇಟಿನ ಪಕ್ಕದ ಸಂಪಿನ ಮುಚ್ಚಳಕ್ಕೆ ಬೀಗ ಬೇಕು. ಮೇಲಿನ ಮನೆಗೆ ನಡೆಯಲು ಕಲಿತ ಮಗು ಬಂತು ಅಂದ ದಿನವೇ ನಾನು ಇದನ್ನು ಮಾಡಿಸಿದ್ದು. ಅಲ್ಲಿಯವರೆಗೆ ಮಾಡಿಸಿರಲಿಲ್ಲ ಅನ್ನುವುದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ನೀರಿನ ವಿಷಯದಲ್ಲಿ ಸುಳ್ಳು ಹೇಳಬೇಡಿ. "24 ಗಂಟೆ ನೀರು" ಅಂತ ಟು-ಲೆಟ್ ಬೋರ್ಡಿನಲ್ಲಿ ಬರೆಯುತ್ತಾರೆ. ಕಾವೇರಿ ನೀರು ಬರುವುದು ಯಾವ ದಿನ, ಎಷ್ಟು ಹೊತ್ತು, ಬೋರ್‌ವೆಲ್ ಇದೆಯೋ ಇಲ್ಲವೋ, ಟ್ಯಾಂಕರ್ ತರಿಸಿದರೆ ದುಡ್ಡು ಹೇಗೆ ಹಂಚಿಕೆ ಅಂತ ಮೊದಲೇ ಹೇಳಿಬಿಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿದಾಗ ಎಷ್ಟೋ ಮನೆಗಳಲ್ಲಿ ಮೇಲಿನವರು ಕೆಳಗಿನವರು ಮಾತು ಬಿಟ್ಟದ್ದು ಟ್ಯಾಂಕರ್ ಬಿಲ್ಲಿಗೆ.

ಕರೆಂಟ್ ಬಿಲ್ಲಿಗೆ ಪ್ರತಿ ಮನೆಗೂ ಬೇರೆ ಮೀಟರ್ ಇರುವುದೇ ಲೇಸು. 2023ರ ಜುಲೈನಿಂದ ಗೃಹಜ್ಯೋತಿ ಬಂದ ಮೇಲಂತೂ ಇದು ಬಾಡಿಗೆದಾರರ ಹಕ್ಕಿನ ಪ್ರಶ್ನೆಯೇ ಆಗಿದೆ. ತಿಂಗಳಿಗೆ 200 ಯೂನಿಟ್‌ವರೆಗಿನ ಈ ಉಚಿತ ಕರೆಂಟ್ ಯೋಜನೆ ಬಾಡಿಗೆದಾರರಿಗೂ ಇದೆ. ಅವರ ಆಧಾರ್ ಅನ್ನು ಆ ಮನೆಯ ಆರ್‌ಆರ್ ನಂಬರಿಗೆ, ಅಂದರೆ ಕರೆಂಟ್ ಸಂಪರ್ಕದ ನಂಬರಿಗೆ, ಜೋಡಿಸಬೇಕು. ಹಳೆಯ ಬಾಡಿಗೆದಾರರು ಹೋಗುವಾಗ ತಮ್ಮ ಆಧಾರ್ ಬಿಡಿಸಿಕೊಳ್ಳದಿದ್ದರೆ ಹೊಸಬರಿಗೆ ಜೋಡಣೆ ಆಗುವುದಿಲ್ಲ. ಎರಡು ಮನೆಗೆ ಒಂದೇ ಮೀಟರ್ ಇಟ್ಟು ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡುತ್ತಿದ್ದರೆ ಅವರಿಗೆ ಈ ಲಾಭ ಸಿಗುವುದೇ ಇಲ್ಲ.

ಇನ್ನು ಆ ಬಾಗಿಲಿನ ವಿಷಯ. ಅವರು ಬಾಡಿಗೆ ಕಟ್ಟಿ ಷರತ್ತು ಪಾಲಿಸುತ್ತಿರುವವರೆಗೆ ಅಡ್ಡಿಯಿಲ್ಲದೆ ವಾಸ ಮಾಡಬಹುದು ಎನ್ನುವುದು ನಾವು ಬರೆಯದಿದ್ದರೂ ಅಗ್ರಿಮೆಂಟಿನಲ್ಲಿ ಸೇರಿಕೊಂಡೇ ಇರುವ ಮಾತು. ಡೂಪ್ಲಿಕೇಟ್ ಕೀಲಿ ಇಟ್ಟುಕೊಂಡು ಅವರು ಊರಿಗೆ ಹೋದಾಗ ಒಳಗೆ ಇಣುಕುವುದು, ಯಾರು ಬಂದರು ಎಷ್ಟು ಹೊತ್ತಿಗೆ ಹೋದರು ಅಂತ ಕಾಂಪೌಂಡಿನಲ್ಲಿ ನಿಂತು ಲೆಕ್ಕ ಇಡುವುದು ನಮ್ಮ ಕೆಲಸವಲ್ಲ. ರಿಪೇರಿಗೆ ಹೋಗಬೇಕಾದರೆ ಹಿಂದಿನ ದಿನ ಮೆಸೇಜ್ ಹಾಕಿ. ಮಾದರಿ ಕಾಯ್ದೆ ಕೇಳುವುದೂ 24 ಗಂಟೆಯ ನೋಟಿಸನ್ನೇ.

ಬಾಡಿಗೆ ಕೊಡದವರ ಕಥೆ? ಸಿಟ್ಟು ಬರುತ್ತದೆ, ನಿಜ. ಆದರೆ ಸಾಮಾನು ಹೊರಗಿಟ್ಟು ಬೀಗ ಜಡಿದರೆ ತಪ್ಪು ನಮ್ಮ ತಲೆಗೆ ಬರುತ್ತದೆ. ಕಾನೂನಿನ ದಾರಿ ಬಿಟ್ಟು ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮತ್ತೆ ಸ್ವಾಧೀನ ಪಡೆಯಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6 ಇರುವುದೇ ಅದಕ್ಕೆ. ಅಲ್ಲಿ ಮನೆ ಯಾರದು ಅಂತಲೂ ಕೇಳುವುದಿಲ್ಲ, ಹೇಗೆ ಹೊರಹಾಕಿದಿರಿ ಅಂತ ಮಾತ್ರ ಕೇಳುತ್ತಾರೆ. ಕರೆಂಟ್ ಕಿತ್ತು ಸತಾಯಿಸುವುದೂ ಬೇಡ. ವಿದ್ಯುತ್ ಮೂಲಸೌಕರ್ಯ, ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಂದ ನೋಟಿಸ್, ಆಮೇಲೆ ದಾವೆ, ಇದೇ ದಾರಿ. ನಿಧಾನದ ದಾರಿ. ಎರಡನೇ ತಿಂಗಳ ಬಾಕಿಯಲ್ಲೇ ಕೂತು ಮಾತಾಡಿದರೆ ಮುಗಿಯುವ ವಿಷಯವನ್ನು ಎಂಟನೇ ತಿಂಗಳವರೆಗೆ ದಾಕ್ಷಿಣ್ಯಕ್ಕೆ ಎಳೆಯುವುದೇ ಹೆಚ್ಚಾಗಿ ನಮ್ಮ ತಪ್ಪು.

ಯಾರಿಗೆ ಕೊಡಬೇಕು ಅಂತ ಆರಿಸುವಾಗ ನೋಡಬೇಕಾದ್ದು ಕೆಲಸ, ಹಿಂದಿನ ಓನರ್ ಏನನ್ನುತ್ತಾರೆ, ಎಷ್ಟು ಜನ ಇರುತ್ತಾರೆ, ಇಷ್ಟು. "ನೀವು ಯಾವ ಜನ?" ಅಂತ ಕೇಳಿ ಬಾಗಿಲಲ್ಲೇ ವಾಪಸ್ ಕಳಿಸುವುದನ್ನು ನಾನು ನೋಡಿದ್ದೇನೆ. ಅದಕ್ಕೆ ಯಾವ ಸಮಜಾಯಿಷಿಯೂ ನನಗೆ ಒಪ್ಪಿಗೆಯಾಗಿಲ್ಲ. ಆಧಾರ್ ಪ್ರತಿ ಕೇಳುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕು. ಫೋಟೊ, ವಿವರಗಳನ್ನು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ವಿದೇಶಿಯರಾದರೆ ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರಂ ತುಂಬಬೇಕು. ಇದು ಹೋಟೆಲಿನವರಿಗಷ್ಟೇ ಅಲ್ಲ. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದವರಿಗೆ ಮಹಡಿ ಮೇಲಿನ ರೂಮು ಕೊಡುವವರಿಗೂ ಇದು ಅನ್ವಯ.

ಭೋಗ್ಯದ ಬಗ್ಗೆ ಎರಡು ಮಾತು. ಲಕ್ಷಗಟ್ಟಲೆ ಒಟ್ಟಿಗೆ ಪಡೆದು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರಲು ಬಿಟ್ಟು, ಕೊನೆಗೆ ಅಷ್ಟನ್ನೂ ಹಿಂತಿರುಗಿಸುವ ಪದ್ಧತಿ. ಈಗ ಇದನ್ನೇ ಲೀಸ್ ಅನ್ನುತ್ತಾರೆ. ಅವಧಿ ಒಂದು ವರ್ಷ ಮೀರುವುದರಿಂದ ಇದು ನೋಂದಣಿ ಆಗಲೇಬೇಕು, ಆದರೆ ಜೆರಾಕ್ಸ್ ಅಂಗಡಿಯ ಕಾಗದದ ಮೇಲೇ ನಡೆಯುತ್ತಿರುತ್ತದೆ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ. ಇನ್ನೊಂದು ಮೋಸ ಬೆಂಗಳೂರಿನಲ್ಲಿ ನಡೆದಿದೆ. ಮಧ್ಯದಲ್ಲಿ ಒಬ್ಬರು ಬಂದು "ನಾವೇ ಮನೆ ನೋಡ್ಕೋತೀವಿ" ಅಂತ ನಿಮಗೆ ತಿಂಗಳ ಬಾಡಿಗೆ ಕೊಡುತ್ತಾರೆ. ಅದೇ ಮನೆಯನ್ನು ಬೇರೆಯವರಿಗೆ ಲಕ್ಷಗಟ್ಟಲೆಗೆ ಲೀಸ್ ಹಾಕಿ, ಒಂದು ದಿನ ಮಾಯವಾಗುತ್ತಾರೆ. ಉಳಿದಿರುವವರು ಇಬ್ಬರು: ಬಾಡಿಗೆ ನಿಂತ ಓನರ್, ದುಡ್ಡು ಕಳಕೊಂಡ ಕುಟುಂಬ. ಒಳಗಿರುವವರು ಯಾರು, ಏನು ಕೊಟ್ಟು ಇದ್ದಾರೆ ಅಂತ ಓನರ್ ಒಂದೇ ಒಂದು ಸಲ ಹೋಗಿ ಕೇಳಿದ್ದರೆ ಸಾಕಿತ್ತು.

ತೆರಿಗೆ ಬೇಗ ಮುಗಿಸುತ್ತೇನೆ. ತಿಂಗಳಿಗೆ 20,000 ಬಾಡಿಗೆ ಅಂದರೆ ವರ್ಷಕ್ಕೆ 2,40,000. ಆ ವರ್ಷ ನೀವು ಕಟ್ಟಿದ ಮನೆ ಕಂದಾಯ 8,000 ಕಳೆದರೆ 2,32,000. ಅದರಲ್ಲಿ ಶೇ. 30, ಅಂದರೆ 69,600, ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ ಕಳೆಯಲು ಬಿಡುತ್ತಾರೆ. ಉಳಿದ 1,62,400 ನಿಮ್ಮ ಆದಾಯಕ್ಕೆ ಸೇರುತ್ತದೆ, ಮನೆ ಸಾಲದ ಬಡ್ಡಿ ಇದ್ದರೆ ಅದನ್ನೂ ಕಳೆಯಬಹುದು. ಬಾಡಿಗೆ ತಿಂಗಳಿಗೆ 50,000 ಮೀರಿದರೆ ಬಾಡಿಗೆದಾರರೇ ಟಿಡಿಎಸ್, ಅಂದರೆ ಬಾಡಿಗೆಯಿಂದ ಮೊದಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಬೇಕು, 2024ರ ಅಕ್ಟೋಬರ್‌ನಿಂದ ಅದು ಶೇ. 2. ಮನೆ ಅಮೆರಿಕದಲ್ಲಿರುವ ಮಗನ ಹೆಸರಲ್ಲಿದ್ದರೆ ಲೆಕ್ಕ ಬೇರೆ. ಅನಿವಾಸಿ ಓನರ್‌ಗೆ ಬಾಡಿಗೆ ಎಷ್ಟೇ ಇರಲಿ, ಸೆಸ್ ಸೇರಿ ಶೇ. 31.2 ಹಿಡಿದುಕೊಳ್ಳುವುದು ಬಾಡಿಗೆದಾರರ ಹೊಣೆ. ಅಪ್ಪನ ಖಾತೆಗೆ ಬಾಡಿಗೆ ಹಾಕಿಸಿಕೊಂಡು ಸುಮ್ನೆ ಇದ್ದರೆ ಒಂದು ದಿನ ನೋಟಿಸ್ ಬರುವುದು ಪಾಪ ಆ ಬಾಡಿಗೆದಾರನಿಗೂ. ಮನೆ ಕಂದಾಯದಲ್ಲೂ ಬೆಂಗಳೂರಿನಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆ ಮನೆಗೆ ದರ ಜಾಸ್ತಿ. ಮೇಲೆ ಎರಡು ಪೋರ್ಷನ್ ಬಾಡಿಗೆಗಿದ್ದೂ ಪೂರ್ತಿ ಸ್ವಂತ ವಾಸ ಅಂತ ಘೋಷಿಸಿಕೊಂಡರೆ ಮುಂದೆ ವ್ಯತ್ಯಾಸ, ದಂಡ, ಬಡ್ಡಿ ಒಟ್ಟಿಗೆ ಕಟ್ಟಬೇಕಾಗುತ್ತದೆ.

ಹೋದ ಬಾರಿಯ ಬಾಡಿಗೆದಾರರು ಖಾಲಿ ಮಾಡಿದ್ದು ಜೂನ್ ಕೊನೆಗೆ. ಲಾರಿಗೆ ಸಾಮಾನು ಏರುತ್ತಿರುವಾಗಲೇ ಮೀಟರ್ ರೀಡಿಂಗ್ ಫೋಟೊ ತೆಗೆದೆವು. ಅವರ ಮಗ ಮೊಬೈಲಿನಲ್ಲೇ ಗೃಹಜ್ಯೋತಿಯಿಂದ ಆಧಾರ್ ಬಿಡಿಸಿದ. ಹಳೆಯ ವಿಡಿಯೊ ಹಾಕಿಕೊಂಡು ಕೋಣೆ ಕೋಣೆ ನೋಡಿ, ಒಡೆದ ಒಂದು ಕಿಟಕಿ ಗಾಜಿಗೆ ಮುರಿದುಕೊಂಡು, ಎಫ್‌ಡಿ ಮುರಿಸಿ ಬಂದ ದುಡ್ಡನ್ನು ಅಲ್ಲೇ ನಿಂತು ವರ್ಗಾಯಿಸಿದೆ. ಮರುದಿನ ಬೋರ್ಡ್ ತೂಗುಹಾಕಿದೆ. ಆಷಾಢ ಹಿಡಿದಿತ್ತು. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ನಮ್ಮವರು ಯಾರೂ ಮುಂದೆ ಬರುವುದಿಲ್ಲ. ನೋಡಲು ಬಂದವರೆಲ್ಲ "ಶ್ರಾವಣಕ್ಕೆ ಬರ್ತೀವಿ" ಅಂದು ಹೋದರು. ವರ್ಷದ ಲೆಕ್ಕ ಹಾಕುವಾಗ ನಾನೀಗ ಹನ್ನೊಂದು ತಿಂಗಳ ಬಾಡಿಗೆಯನ್ನೇ ಹಿಡಿಯುತ್ತೇನೆ. ಹನ್ನೆರಡನೆಯದು ಬಂದರೆ ಟ್ಯಾಂಕ್ ತೊಳೆಸಲು, ಒಸರುವ ಮೂಲೆಗೆ ಹಾಕಲು ಆಗುತ್ತದೆ.